ಕೊಯ್ದೆ ಅಂದ ದರ್ಜಿ

ಆ ಬೀದಿಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಚಿಕ್ಕವಳಿದ್ದಾಗ ಬರೀ ಕತ್ತರಿ, ತಲೆ ನರೆತ ಮೇಲೆ ಮರ್ಯಾದೆಗೊಂದು ಬಾಲ ಸೇರಿಸಿ ಕತ್ತರಿಯಮ್ಮ. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದ್ದರು. ಉಳಿದವಳು ಎದುರು ಮನೆಯ ಸೋದರತ್ತೆ ಒಬ್ಬಳೇ, ಅವಳು ಈ ಮನೆಯವರ ಜೊತೆ ಮಾತು ಬಿಟ್ಟು ಒಂದು ಆಯಸ್ಸೇ ಕಳೆದಿತ್ತು.

ಹೆಸರು ಅಂಟಿಕೊಂಡದ್ದು ಅಪ್ಪನ ದೆಸೆಯಿಂದ. ಅಪ್ಪ ದರ್ಜಿ, ಆದರೆ ಬಟ್ಟೆ ಕತ್ತರಿಸದ ದರ್ಜಿ. ಈಜಲು ಬಾರದ ಅಂಬಿಗನನ್ನಾದರೂ ನೋಡಬಹುದು, ಕತ್ತರಿಸದ ದರ್ಜಿಯನ್ನು ಯಾರು ಕಂಡಿದ್ದಾರೆ? ಅಳತೆ ಅವನೇ ತೆಗೆಯುತ್ತಿದ್ದ, ಬಟ್ಟೆಯ ಮೇಲೆ ಸುಣ್ಣದ ಗೆರೆಯನ್ನೂ ಅವನೇ ಎಳೆಯುತ್ತಿದ್ದ. ಗೆರೆ ಮುಗಿದದ್ದೇ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಆಡಿಸು ಮಗಾ" ಎಂದು ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ಮಗಳು ಮಣೆಯ ಮೇಲೆ ನಿಂತು, ತನ್ನ ಮೊಳಕೈಯಷ್ಟು ಉದ್ದದ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು ಆಡಿಸುತ್ತಿದ್ದಳು. ಕತ್ತರಿ ಬಟ್ಟೆ ತಿನ್ನುವ ಸದ್ದು ನಿಂತ ಮೇಲೆಯೇ ಅವನು ಇತ್ತ ತಿರುಗುವುದು. ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದ. ಮನೆಯಲ್ಲಿ ಅವನ ಹಣ್ಣನ್ನು ಅಮ್ಮ ಹೆಚ್ಚಿಕೊಡಬೇಕು. ಗಡ್ಡ ಬಿಟ್ಟದ್ದೂ ಅಲಗಿನ ಭಯಕ್ಕೇ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

"ನಿಮ್ಮಪ್ಪ ಅರ್ಧ ದರ್ಜಿ ಕಣಮ್ಮ, ಇನ್ನರ್ಧ ನೀನು" ಎಂದು ಗಿರಾಕಿಗಳು ತಮಾಷೆ ಮಾಡುವರು. ಅಪ್ಪ ನಗುತ್ತಿರಲಿಲ್ಲ. ಗಿರಾಕಿಗಳು ಹೊರಗೆ ಹೋಗಿ ಬೇರೆ ಮಾತಾಡುತ್ತಿದ್ದರು, ಅದು ತಮಾಷೆಯಲ್ಲ.

ಹುಟ್ಟುವಾಗಲೇ ಅವನು ಹೀಗಿರಲಿಲ್ಲ. ಒಂದು ಕಾಲದಲ್ಲಿ ಅವನ ಕತ್ತರಿಗೆ ಆ ಪೇಟೆಯಲ್ಲೇ ಸಾಟಿ ಇರಲಿಲ್ಲ. ಅವನೂ ಅವನ ಅಕ್ಕನ ಗಂಡನೂ ಸೇರಿ ಅಂಗಡಿ ನಡೆಸುತ್ತಿದ್ದರು, ಅಪ್ಪ ಕತ್ತರಿಸುವುದು, ಭಾವ ಹೊಲಿಯುವುದು. ಕತ್ತರಿಗೆ ಮಾವನಾಗಬೇಕಾದ ಆ ಭಾವ ಬಾಗಿಲು ತುಂಬುವ ಆಳು. ಅವನಿಗೆ ಅಂಗಿ ಹೊಲಿಯುವುದೂ ಒಂದೇ, ಡೇರೆ ಹೊಲಿಯುವುದೂ ಒಂದೇ ಎಂದು ಅಪ್ಪ ರೇಗಿಸುತ್ತಿದ್ದ. ಆ ಮಾತಿಗೆ ಯಾರ ದೃಷ್ಟಿ ತಾಗಿತೋ, ಒಂದು ದಿನ ಗುತ್ತಿಗೆದಾರನೊಬ್ಬ ಡೇರೆ ಹೊಲಿಯುವ ಕೆಲಸವನ್ನೇ ಹಿಡಿದುಕೊಂಡು ಬಂದ. ಮಧ್ಯ ಏಷ್ಯಾದಲ್ಲಿ, ಬೆಟ್ಟಗಳ ಆಚೆಯ ಚಳಿದೇಶದಲ್ಲಿ, ರಸ್ತೆ ಕಡಿಯುತ್ತಿದ್ದರಂತೆ, ಆಳುಗಳ ಡೇರೆಗೂ ಕೋಟಿಗೂ ದರ್ಜಿಗಳು ಬೇಕಂತೆ. ಇಬ್ಬರೂ ಹೊರಟರು.

ಹೊರಡುವ ಮುಂಚೆ ಮಾವನಿಗೊಂದು ಹತ್ತಿ ತುಂಬಿದ ಕೋಟು ಸಿದ್ಧವಾಯಿತು. ಕಡುನೀಲಿ ಉಣ್ಣೆಬಟ್ಟೆಯನ್ನು ಅಪ್ಪ ಕತ್ತರಿಸಿದ. ಅತ್ತೆ ತನ್ನ ಹೊದಿಕೆಯನ್ನೇ ಒಳಪದರಕ್ಕೆ ಕೊಟ್ಟು, ನಡುವೆ ಹತ್ತಿ ಹಾಸಿ, ಹಳದಿ ದಾರದಲ್ಲಿ ಒತ್ತೊತ್ತಾಗಿ ಕೈಹೊಲಿಗೆ ಹಾಕಿದಳು. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಪುಟ್ಟ ಕತ್ತರಿಯದು. ನೀಲಿಗೆ ಹಳದಿ ಯಾಕೆ ಅತ್ತೆ ಎಂದು ಅವಳು ಕೇಳಿದ್ದಕ್ಕೆ, "ಹಿಮದಲ್ಲಿ ಕಳೆದುಹೋದ್ರೂ ಕಾಣಲಿ ಅಂತ" ಎಂದು ಅತ್ತೆ ನಕ್ಕಿದ್ದಳು.

ಹೋದವರು ಇಬ್ಬರು, ಬಂದವನು ಒಬ್ಬ. ಅಪ್ಪ ಬಂದದ್ದು ಬಿಸಿಲುಗಾಲದಲ್ಲಿ, ಹೆಗಲಿಗೊಂದು ದಪ್ಪ ಗಂಟು ಹಾಕಿಕೊಂಡು. ನೇರ ಎದುರು ಮನೆಗೆ ಹೋಗಿ ಅಕ್ಕನ ಮುಂದೆ ಒಂದು ಚಾಕು ಇಟ್ಟ.

"ಹಿಮ ಬಿತ್ತು. ಲಾರಿ ದಾರೀಲೇ ಕೂತುಬಿಡ್ತು. ನಡೆದು ಹೊರಟ್ವಿ. ಭಾವ ಅಲ್ಲೇ ಉಳಿದ. ಇದು ಭಾವನದು."

ಅತ್ತೆ ಅಳಲಿಲ್ಲ. ಒಂದೇ ಮಾತು ಕೇಳಿದಳು. "ಮೈಮೇಲೆ ಕೋಟಿತ್ತಾ?"

"ಇತ್ತು" ಎಂದ ಅಪ್ಪ.

ಅಂದೇ ಅವನಿಗೆ ಜ್ವರ ಏರಿತು. ಬೀದಿಬಾಗಿಲು ತೆರೆದಿಟ್ಟು ಹಜಾರದಲ್ಲೇ ಮಲಗಿಸಿದ್ದರು. ಅತ್ತೆ ತನ್ನ ದುಃಖ ಬದಿಗಿಟ್ಟು ತಮ್ಮನ ಹಣೆಗೆ ಒದ್ದೆಬಟ್ಟೆ ಹಾಕಲು ಬಂದು ಕೂತಿದ್ದಳು. ಮಧ್ಯಾಹ್ನದ ಹೊತ್ತು. ಅಪ್ಪ ಕಣ್ಣು ತೆರೆದು, ಅಕ್ಕನ ಕೈ ಹಿಡಿದು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ. "ನಾನೇ ಕೊಯ್ದೆ ಅಕ್ಕಾ. ನಾನೇ ಕೊಯ್ದೆ."

ಅತ್ತೆ ಕೈ ಬಿಡಿಸಿಕೊಂಡಳು. ಒದ್ದೆಬಟ್ಟೆಯನ್ನು ಪುಟ್ಟ ಕತ್ತರಿಯ ಕೈಯಲ್ಲಿಟ್ಟು, ಬೀದಿ ದಾಟಿ, ತನ್ನ ಮನೆಯ ಬಾಗಿಲು ಹಾಕಿಕೊಂಡಳು. ಮರುದಿನ ಆ ಚಾಕು ಇವರ ಮನೆಯ ಹೊಸ್ತಿಲ ಮೇಲೆ ಬಿದ್ದಿತ್ತು. ಅವಳು ಬೀದಿ ದಾಟಿದ್ದು ಅದೇ ಕೊನೆ.

ಈಗ ಆ ಒಂದು ಮಾತನ್ನು ಸ್ವಲ್ಪ ನೋಡಬೇಕು. ನಾವು ಹೂವು ಕೊಯ್ಯುತ್ತೇವೆ, ಕಾಯಿ ಕೊಯ್ಯುತ್ತೇವೆ, ಪೈರು ಕೊಯ್ಯುತ್ತೇವೆ, ಹಗ್ಗ ಕೊಯ್ಯುತ್ತೇವೆ. ಕತ್ತನ್ನೂ ಕೊಯ್ಯುತ್ತೇವೆ. ಬಟ್ಟೆಯನ್ನು ಮಾತ್ರ ಕೊಯ್ಯುವುದಿಲ್ಲ. ಬಟ್ಟೆಗೆ ಕತ್ತರಿ ಇದೆ, ಆದ್ದರಿಂದ ಕತ್ತರಿಸುತ್ತೇವೆ. ಹಾಗಾಗಿ ಒಬ್ಬ ದರ್ಜಿ ಚಾಕು ಹಿಡಿದು ಬಂದು, ಜೊತೆಗಾರನನ್ನು ಬಿಟ್ಟು ಬಂದು, ಜ್ವರದಲ್ಲಿ ಕೊಯ್ದೆ ಎಂದರೆ ಏನನ್ನು ಎಂದು ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ. ಉಳಿದದ್ದನ್ನು ಬೀದಿಯೇ ತುಂಬಿಕೊಂಡಿತು, ಬೀದಿಗೆ ಅಂಥ ಕೆಲಸದಲ್ಲಿ ಎಂದೂ ಸೋಮಾರಿತನವಿಲ್ಲ. ಅತ್ತೆ ಹೋಗಿ ದೂರು ಕೊಡಲಿಲ್ಲ, ಒಂದು ಬೈಗುಳ ಕೂಡ ಆಡಲಿಲ್ಲ. ಕಿಟಕಿಗೆ ಅರ್ಧ ಪರದೆ ಹಾಕಿ, ಆ ಪರದೆಯ ಮೇಲಿಂದ ಅಂಗಡಿಯ ಕಡೆ ನೋಡುತ್ತ ಕೂತಳು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಜ್ವರ ಬಿಟ್ಟ ಮೇಲೆ ಅಪ್ಪ ಬಾಯಿಗೆ ಬೀಗ ಹಾಕಿಕೊಂಡ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅಮ್ಮ ಕಾಲು ಹಿಡಿದು ಕೇಳಿದಳು. "ಸುಮ್ನಿರು, ಅಕ್ಕ ಏನಂದ್ಕೊಂಡ್ರೂ ಅದು ನನಗೆ ಸಾಲದು" ಎಂದಷ್ಟೇ ಹೇಳಿದ. ಸಿಟ್ಟು ಬರುತ್ತದೆ ಇಂಥ ಗಂಡಸರ ಮೇಲೆ. ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡು ತಾನೊಬ್ಬನೇ ಬೇಯುತ್ತೇನೆ ಎಂದುಕೊಳ್ಳುತ್ತಾರೆ, ಬೇಯುವುದು ಮನೆಮಂದಿಯೆಲ್ಲ. ಕತ್ತರಿಗೆ ಒಂದು ಸಂಬಂಧ ಕೂಡಿ ಬಂದಿತ್ತು, ಹುಡುಗನೂ ಒಪ್ಪಿದ್ದ. ಅವನ ತಾಯಿ ಅಂಗಡಿಗೆ ಬಂದು, ಗೋಡೆಗೆ ಮುಖ ಮಾಡಿ ನಿಂತ ಅಪ್ಪನನ್ನೂ ಕತ್ತರಿ ಹಿಡಿದ ಮಗಳನ್ನೂ ನೋಡಿ, ನೀರು ಕೂಡ ಕುಡಿಯದೆ ಎದ್ದು ಹೋದಳು. ಇನ್ನೊಂದು ಸಂಬಂಧ ಬರಲಿಲ್ಲ, ಇವಳೂ ಕಾಯಲಿಲ್ಲ.

ಅಮ್ಮ ಹೋದಳು, ಆಮೇಲೆ ಅಪ್ಪನೂ ಹೋದ. ಅಂಗಡಿ, ಮನೆ, ಪೆಟ್ಟಿಗೆಯಲ್ಲಿದ್ದ ಚಾಕು ಎಲ್ಲವೂ ಕತ್ತರಿಯ ಪಾಲಿಗೆ ಬಂತು.

ಒಂಟಿ ಹೆಂಗಸು ವಾಸಿಸುವ ಮನೆಯಲ್ಲಿ ಸದ್ದುಗಳು ಹೆಚ್ಚು. ಆದರೆ ಕತ್ತರಿಯನ್ನು ಕಾಡಿದ್ದು ಸದ್ದಲ್ಲ, ತಣುಪು. ಚಾಕು ಇದ್ದ ತಗಡಿನ ಪೆಟ್ಟಿಗೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದರ ಮೇಲೆ ಕೈಯಿಟ್ಟರೆ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಮುಚ್ಚಳ ತೆಗೆಯುವ ಮುಂಚೆ ಅವಳು ಒಮ್ಮೆ ಕೆಮ್ಮುತ್ತಿದ್ದಳು, ಒಳಗೆ ಯಾರಾದರೂ ಇದ್ದರೆ ಸರಿಯಾಗಿ ಕೂತುಕೊಳ್ಳಲಿ ಎಂಬಂತೆ. ತಾನು ಹಾಗೆ ಮಾಡುತ್ತೇನೆಂದು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ಇಸ್ತ್ರಿ ಮೇಜು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಯ ಉದ್ದಕ್ಕೂ ಅಗಲವಾದ ಮೇಜು. ಮೇಲೊಂದು ಬಿಳಿ ಬಟ್ಟೆ, ಅದರಡಿ ಮೆತ್ತನೆಯ ದಪ್ಪ ಹಾಸು. ಅಪ್ಪ ಪ್ರತಿ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಇಸ್ತ್ರಿಪೆಟ್ಟಿಗೆ ಕಾಯಿಸಿ, ಇನ್ನೂ ಯಾವ ಬಟ್ಟೆಯನ್ನೂ ಹಾಸದ ಖಾಲಿ ಮೇಜಿನ ಮೇಲೆ ನೀರು ಚಿಮುಕಿಸಿ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಆಡಿಸುತ್ತಿದ್ದ. ಕಾವು ನೋಡುತ್ತಿದ್ದಾನೆ ಎಂದು ಮಗಳು ತಿಳಿದಿದ್ದಳು. "ಮೇಲಿನ ಬಟ್ಟೆ ಬೇಕಾದ್ರೆ ಬದಲಾಯಿಸು, ಅಡಿಯ ಹಾಸು ಮುಟ್ಟಬೇಡ" ಎಂದು ಅವನ ಕಟ್ಟಪ್ಪಣೆ. ಅವನು ಹೋದ ಮೇಲೂ ಅವಳು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಖಾಲಿ ಮೇಜಿಗೆ ಇಸ್ತ್ರಿ ಮಾಡುವ ಅಭ್ಯಾಸವೂ ಅವಳ ಕೈಗೆ ತಾನಾಗಿ ಬಂದುಬಿಟ್ಟಿತ್ತು. ಆಗ ಏಳುವ ಆವಿಯಲ್ಲಿ ಬಟ್ಟೆಯ ವಾಸನೆ ಇರುತ್ತಿರಲಿಲ್ಲ. ದೂರದಿಂದ ನಡೆದುಬಂದ ಗಂಡಸೊಬ್ಬ ಬಾಗಿಲಲ್ಲಿ ನಿಂತ ಹಾಗಿನ ವಾಸನೆ. ಹಾಸಿನಲ್ಲಿ ಒಂದು ಕಡೆ ಭುಜದಷ್ಟು ಉಬ್ಬು, ಎಷ್ಟು ಒತ್ತಿದರೂ ಅದು ಸಮವಾಗುತ್ತಿರಲಿಲ್ಲ. ಅವಳು ಎಷ್ಟೋ ಸಲ ತಿರುಗಿ ನೋಡಿದ್ದಾಳೆ. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ, ಎದುರು ಮನೆಯ ಕಿಟಕಿಯ ಪರದೆ ಮಾತ್ರ ಸ್ವಲ್ಪ ಅಲುಗುತ್ತಿತ್ತು.

ಆ ಪರದೆ ಅಲುಗುವುದು ನಿಂತಾಗ ಅತ್ತೆ ಹಾಸಿಗೆ ಹಿಡಿದಿದ್ದಾಳೆಂದು ಬೀದಿಗೆ ತಿಳಿಯಿತು. ಅವಳನ್ನು ನೋಡಿಕೊಳ್ಳುವ ನರ್ಸು ಒಂದು ಬೆಳಿಗ್ಗೆ ಬೀದಿ ದಾಟಿ ಅಂಗಡಿಗೆ ಬಂದಳು.

"ಅಮ್ಮ ನಿಮಗೊಂದು ಮಾತು ಹೇಳು ಅಂದ್ರು. ನಿಮ್ಮನೇಲಿ ಅವರ ಯಜಮಾನರ ಚಾಕು ಇದೆಯಂತೆ. ಅದು ಎಲ್ಲಿಯದು, ಯಾತಕ್ಕಿರೋದು ಅಂತ ತಿಳಿದವರ ಹತ್ರ ಕೇಳ್ಕೊಂಡು ಬಂದು ಹೇಳಬೇಕಂತೆ. ಆಮೇಲೆ ನಾನು ನೆಮ್ಮದಿಯಾಗಿ ಹೋಗ್ತೀನಿ ಅಂದ್ರು."

ಅತ್ತೆ ಕೇಳುತ್ತಿರುವುದು ಚಾಕಿನ ವಿಷಯವಲ್ಲ, ಅದು ಅತ್ತೆಗೂ ಇವಳಿಗೂ ಗೊತ್ತು. ಅದು ಕೊಲ್ಲುವುದಕ್ಕೆಂದೇ ಮಾಡಿದ ಅಲಗು ಎಂದು ತಿಳಿದವರು ಹೇಳಿದರೆ ಅಪ್ಪ ಸತ್ತ ಮೇಲೂ ಕೊಲೆಗಾರನಾಗಿಯೇ ಉಳಿಯುತ್ತಾನೆ. ಅದನ್ನು ಅವಳೇ ಬಾಯಿಬಿಟ್ಟು ಅತ್ತೆಗೆ ಹೇಳಬೇಕು. ಸುಳ್ಳು ಹೇಳಬಹುದಿತ್ತು. ಆದರೆ ಸಾಯುವವಳ ಮುಂದೆ ಸುಳ್ಳು ಹೇಳಿ ಮತ್ತೆ ಅದೇ ಮನೆಯಲ್ಲಿ, ಅದೇ ಪೆಟ್ಟಿಗೆಯ ಪಕ್ಕ ಬದುಕುವುದು ಹೇಗೆ? ಅವಳು ಬೆಳಗಿನ ಇಸ್ತ್ರಿಯನ್ನೂ ಬಿಟ್ಟು, ಕೆಮ್ಮಿ, ಪೆಟ್ಟಿಗೆ ತೆಗೆದಳು.

ದೊಡ್ಡ ಪೇಟೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಲೋಹದ ಸಾಮಾನು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಳು. ಕುತ್ತಿಗೆಗೆ ಯಾವಾಗಲೂ ದುಂಡನೆಯ ಭೂತಗನ್ನಡಿ ನೇತಾಡುತ್ತಿದ್ದುದರಿಂದ ಬಾಗಿಲು ಕಾಯುವವನು ಅವಳನ್ನು ಭೂತಗನ್ನಡಿ ಮೇಡಂ ಎನ್ನುತ್ತಿದ್ದ. ಆ ಹೆಸರು ಕೇಳಿಯೇ ಕತ್ತರಿ ಚೀಲವನ್ನು ಎದೆಗೊತ್ತಿಕೊಂಡಳು. ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಗಾಜಿಗೆ ಭೂತದ ಹೆಸರು ಯಾಕಿಟ್ಟರೋ, ಇಟ್ಟವರಿಗೆ ಗೊತ್ತಿದ್ದೇ ಇಟ್ಟಿರಬೇಕು ಎಂದುಕೊಂಡಳು.

ಅಪ್ಪ ಅದನ್ನು ತಂದ ಕಥೆ ಕೇಳಿಕೊಂಡು, ಮೇಡಂ ಚಾಕನ್ನು ಬಿಳಿ ಬಟ್ಟೆಯ ಮೇಲಿಟ್ಟು, ದೀಪ ಬಗ್ಗಿಸಿ, ಬಹಳ ಹೊತ್ತು ನೋಡಿದಳು. ಹಳದಿಗಟ್ಟಿದ ಕೊಂಬಿನ ಹಿಡಿ, ಹಿಡಿಗೂ ಅಲಗಿಗೂ ನಡುವೆ ಬಿಳಿಲೋಹದ ಕಟ್ಟು, ಅಲಗಿನ ಮೇಲೊಂದು ಪುಟ್ಟ ಅರ್ಧಚಂದ್ರ, ಅದರ ಸುತ್ತ ಚುಕ್ಕಿ.

"ಮಧ್ಯ ಏಷ್ಯಾದ್ದು" ಎಂದಳು. "ನಿಮ್ಮಪ್ಪ ಅಲ್ಲಿಗೆ ಹೋಗೋ ಹೊತ್ತಿಗೇ ಇದು ಮುದಿ ಚಾಕು. ಈ ಚಂದ್ರ ಕಮ್ಮಾರನ ಗುರುತಿರಬೇಕು. ಅಲ್ಲಿ ಜನ ಇಂಥದನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡ್ತಿದ್ರು."

"ಯಾರನ್ನಾದ್ರೂ..."

"ಅದಕ್ಕಲ್ಲ. ನೋಡಿ, ಹಿಡಿಯ ಬೆನ್ನು, ಅಲಗಿನ ಬೆನ್ನು ಒಂದೇ ಗೆರೇಲಿದೆ. ಅಂಚು ಮಾತ್ರ ಕೆಳಕ್ಕೆ ಇಳಿದಿದೆ. ಯಾಕೆ ಹೇಳಿ? ಹಲಗೆ ಮೇಲೆ ಏನಾದ್ರೂ ಹೆಚ್ಚುವಾಗ ಬೆರಳಿನ ಗೆಣ್ಣು ಹಲಗೆಗೆ ಬಡೀಬಾರದು. ಜಗಳಕ್ಕೆ ಮಾಡೋ ಅಲಗಿಗೆ ಗೆಣ್ಣಿನ ಚಿಂತೆ ಯಾರೂ ಮಾಡಲ್ಲ. ಇದು ರೊಟ್ಟಿಗೆ, ಮಾಂಸಕ್ಕೆ, ಹಣ್ಣಿಗೆ, ಹಗ್ಗಕ್ಕೆ. ಮನೆಚಾಕು."

ಕತ್ತರಿ ಉಸಿರು ಬಿಟ್ಟಳು. ಮೇಡಂ ಇನ್ನೂ ನೋಡುತ್ತಲೇ ಇದ್ದಳು.

"ಆದ್ರೆ ಇದನ್ನ ಯಾರೋ ಮಾರ್ಪಾಡು ಮಾಡಿದಾರೆ. ಇಂಥದಕ್ಕೆ ಸಾಮಾನ್ಯವಾಗಿ ಮೊನೆ ಇರುತ್ತೆ. ಇದರ ಮೊನೆ ಉಜ್ಜಿ ದುಂಡಗೆ ಮಾಡಿದಾರೆ, ಅಂಚನ್ನ ಒಂದೇ ಮಗ್ಗುಲಿಗೆ ಮಸೆದಿದಾರೆ. ಉಜ್ಜಿದ ಜಾಗವೂ ಕಪ್ಪಗಾಗಿದೆ, ಬಹಳ ಹಿಂದಿನ ಕೆಲಸ. ತುಪ್ಪಳದ ಟೋಪಿ, ಕಂಬಳಿ ಕೋಟು ಹೊಲಿಯೋ ಯಾರೋ ಇಟ್ಕೊಂಡಿದ್ರು ಅನ್ಸುತ್ತೆ. ಮೇಲಿನ ಪದರ ಕೊಯ್ಯಬೇಕು, ಕೆಳಗಿರೋದಕ್ಕೆ ತಗಲಬಾರದು. ಅದಕ್ಕೇ ಮೊನೆ ಇಲ್ಲ."

ದರ್ಜಿ ದರ್ಜಿಯ ಹತ್ತಿರ ಕೊಂಡ ಸಾಮಾನು. ಮಾವ ಆ ದೂರದೇಶದ ಪೇಟೆಯಲ್ಲಿ ಅದನ್ನು ಕೈಯಲ್ಲಿ ತೂಗಿ ನೋಡಿ ಹಲ್ಲುಬಿಟ್ಟು ನಕ್ಕದ್ದು ಕತ್ತರಿಯ ಕಣ್ಣಿಗೆ ಕಟ್ಟಿತು. ಆದರೂ ಅವಳು ಕೇಳಲೇಬೇಕಾದದ್ದನ್ನು ಕೇಳಿದಳು. "ಇದರಿಂದ ಕತ್ತು ಕೊಯ್ಯೋಕಾಗುತ್ತಾ ಮೇಡಂ?"

ಮೇಡಂ ತಲೆಯೆತ್ತಿ ಅವಳನ್ನು ನೋಡಿದಳು. ಸಮಾಧಾನಕ್ಕೆಂದು ಸುಳ್ಳು ಹೇಳುವ ಜಾತಿಯವಳಲ್ಲ. "ಅಂಚಿರೋ ಯಾವುದರಿಂದಲಾದ್ರೂ ಆಗುತ್ತೆ. ಇದು ಮಾಡಿಲ್ಲ ಅಂತ ನಾನು ಹೇಳೋಕಾಗಲ್ಲ. ಕೊನೇಲಿ ಏನು ಕೊಯ್ದಿತು ಅಂತ ಬೇಕಾದ್ರೆ ಸ್ವಲ್ಪ ಹೇಳಬಹುದೇನೋ. ಈ ಕಟ್ಟಿನ ಸಂದೀಲಿ ಏನೋ ಸಿಕ್ಕಿಕೊಂಡಿದೆ."

ಚಿಮಟದ ತುದಿಯಿಂದ ಅವಳು ಅದನ್ನು ಎಳೆದು ಬಿಳಿ ಬಟ್ಟೆಯ ಮೇಲಿಟ್ಟಳು. ಕೊಳೆ ಹಿಡಿದ ಹತ್ತಿಯ ಒಂದು ಎಳೆ. ಅದಕ್ಕೆ ಅಂಟಿದ ನೀಲಿ ಉಣ್ಣೆಯ ಚೂರು. ಎರಡನ್ನೂ ಸುತ್ತಿಕೊಂಡು ತುಂಡಾದ ದಾರ. ಭೂತಗನ್ನಡಿಯನ್ನು ಕತ್ತರಿಯ ಕೈಗೆ ಕೊಟ್ಟಳು. ಗಾಜಿನೊಳಗೆ ಆ ದಾರ ಹಗ್ಗದಷ್ಟು ದಪ್ಪವಾಗಿ ಕಂಡಿತು. ಬಣ್ಣ ಹಳದಿ.

ಚಿಕ್ಕಂದಿನಲ್ಲಿ ಕತ್ತರಿ ಆ ದಾರಕ್ಕೆ ಎಂಜಲು ಹಚ್ಚಿ, ಚೂಪು ಮಾಡಿ, ಸೂಜಿಗೆ ಪೋಣಿಸಿ ಅತ್ತೆಯ ಕೈಗೆ ಕೊಟ್ಟಿದ್ದಳು.

ಹಿಂದಿರುಗುವ ಬಸ್ಸಿನಲ್ಲಿ ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ, ಏನನ್ನೂ ಕಾಣದೆ ಕೂತಿದ್ದಳು. ಕತ್ತರಿ ಇಲ್ಲದ ಕಡೆ ದರ್ಜಿ ಬಟ್ಟೆಯನ್ನು ಕತ್ತರಿಸಲಾರ. ಕೈಯಲ್ಲಿ ಚಾಕಿದ್ದರೆ ಕೊಯ್ಯುತ್ತಾನೆ. ಅಪ್ಪ ಮಾತಿನಲ್ಲಿ ಅಳತೆ ತಪ್ಪುವವನಲ್ಲ, ಜ್ವರದಲ್ಲೂ ತಪ್ಪಿರಲಿಲ್ಲ. ಕೊಯ್ದದ್ದು ಕೋಟನ್ನು. ಅಕ್ಕ ಮೊದಲು ಕೇಳಿದ್ದೇ ಅದನ್ನು, ಮೈಮೇಲೆ ಕೋಟಿತ್ತಾ ಎಂದು. ಅದಕ್ಕೆ ಅವನು ಇತ್ತು ಎಂದುಬಿಟ್ಟಿದ್ದ. ಹಾಗಾದರೆ ಆ ಕೋಟು ಎಲ್ಲಿ ಹೋಯಿತು? ಹೆಗಲ ಮೇಲಿದ್ದ ಆ ದಪ್ಪ ಗಂಟು? ಅಡಿಯ ಹಾಸು ಮುಟ್ಟಬೇಡ ಎಂಬ ಮಾತು ನೆನಪಾದಾಗ ಅವಳಿಗೆ ಬಸ್ಸಿನಲ್ಲೇ ಎದ್ದು ನಿಲ್ಲುವ ಹಾಗಾಯಿತು.

ಅಂಗಡಿಯ ಕದ ಅರ್ಧ ಎಳೆದುಕೊಂಡು ಹಿಂದಿನ ಕೋಣೆಗೆ ಹೋದಳು. ಕೆಮ್ಮಿದಳು. ಬಿಳಿ ಬಟ್ಟೆ ತೆಗೆದಳು, ಅದರಡಿಯ ಮಾಸಿದ ಇನ್ನೊಂದನ್ನು ತೆಗೆದಳು. ಕೋಟು ಅಂಗಾತ ಮಲಗಿತ್ತು, ತೋಳುಗಳು ಎರಡೂ ಪಕ್ಕಕ್ಕೆ. ವರ್ಷಗಳ ಬಿಸಿಗೆ ನೀಲಿ ಕಂದಾಗಿ ಹೋಗಿತ್ತು, ಹಳದಿ ಹೊಲಿಗೆ ಮಾತ್ರ ಅಲ್ಲಲ್ಲಿ ಉಳಿದಿತ್ತು. ಮುಂಗೈಯಿಂದ ಕಾಲರಿನವರೆಗೆ, ಎರಡೂ ತೋಳಿನ ಉದ್ದಕ್ಕೂ, ಯಾವ ದರ್ಜಿಯೂ ಹಾಕದ ಜಾಗದಲ್ಲಿ, ಬಿಳಿ ದಾರದ ಒಂದೊಂದು ಹೊಲಿಗೆ. ಹಲ್ಲಿನಿಂದ ಕಡಿದ ದಾರದ ತುದಿ ಪ್ರತಿ ಗಂಟಿನಲ್ಲೂ ಇತ್ತು.

ಬಗ್ಗುವ ಕೈಯಿಂದ ಕೋಟು ಬಿಚ್ಚಬೇಕಾದರೆ ತೋಳು ಸೀಳಬೇಕಿಲ್ಲ. ಎಳೆದರೆ ಬರುತ್ತದೆ. ಅಪ್ಪ ತೀರಿಕೊಂಡಾಗ, ಸೆಟೆದ ಅವನ ಕೈಗೆ ಅಂಗಿ ತೊಡಿಸಲಾಗದೆ, ಕತ್ತರಿ ತಾನೇ ತೋಳನ್ನು ಉದ್ದಕ್ಕೆ ಸೀಳಿದ್ದಳು. ಹಾಗಾದರೆ ಮಾವನೂ ಆಗ ಸೆಟೆದಿದ್ದ. ಇರಬೇಕು. ಆದರೆ ಹಿಮದಲ್ಲಿ ಜೀವ ಇರುವವನ ಕೈಯೂ ಮರಗಟ್ಟುತ್ತದೆಯೋ ಏನೋ, ಹಿಮವನ್ನೇ ನೋಡದ ಅವಳು ಹೇಗೆ ಬಲ್ಲಳು? ಅಪ್ಪನಿಗೂ ಆಗ ಖಂಡಿತ ತಿಳಿದಿತ್ತೋ ಇಲ್ಲವೋ. ತಿಳಿಯದೆಯೇ ಆ ಕೋಟು ಕೊಯ್ದು ತೆಗೆದು, ತನ್ನ ಜೀವ ಉಳಿಸಿಕೊಳ್ಳಲು ತೊಟ್ಟು ನಡೆದುಬಂದಿದ್ದರೆ, ಆಮೇಲೆ ಕತ್ತರಿ ಹಿಡಿಯಲಾಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ದಿನಾ ಬೆಳಿಗ್ಗೆ ಮೊದಲ ಬಿಸಿಯನ್ನು ಭಾವನಿಗೇ ಕೊಡುತ್ತಿದ್ದದ್ದರಲ್ಲೂ ಆಶ್ಚರ್ಯವಿಲ್ಲ. ಅವಳು ಕೋಟಿನ ಭುಜದ ಮೇಲೆ ಕೈಯಿಟ್ಟು ನಿಂತು ಅತ್ತಳು. ಅಪ್ಪ ಸತ್ತಾಗ ಅಷ್ಟು ಅತ್ತಿರಲಿಲ್ಲ.

ಆಮೇಲೆ ಕೋಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಚಾಕಿನ ಚೀಲವನ್ನು ಮುಂಗೈಗೆ ಸಿಕ್ಕಿಸಿಕೊಂಡು, ಬೀದಿ ದಾಟಿದಳು. ಚಿಕ್ಕಂದಿನಲ್ಲಿ ದಿನಕ್ಕೆ ಎಷ್ಟೋ ಸಲ ಓಡಿ ದಾಟಿದ ಬೀದಿ.

ಅತ್ತೆ ದಿಂಬಿಗೆ ಒರಗಿದ್ದಳು. ಬಹಳ ಸಣ್ಣಗಾಗಿದ್ದಳು, ಕಣ್ಣು ಮಾತ್ರ ಪರದೆಯ ಮೇಲಿಂದ ನೋಡುತ್ತಿದ್ದ ಅದೇ ಕಣ್ಣು. ಕತ್ತರಿಯ ಕೈಯಲ್ಲಿದ್ದುದನ್ನು ನೋಡಿದಳು. ನರ್ಸು ಕುರ್ಚಿ ಎಳೆಯಲು ಹೋದದ್ದನ್ನು ಕೈಯೆತ್ತಿ ತಡೆದಳು.

"ಚಾಕಿನ ವಿಷಯ ಹೇಳು ಮೊದಲು" ಎಂದಳು.

ಕತ್ತರಿ ಹೇಳಿದಳು. ಎಲ್ಲಿಯದು, ಯಾತಕ್ಕೆ ಮಾಡಿದ್ದು, ಆಮೇಲೆ ಯಾತಕ್ಕೆ ಮಸೆದದ್ದು. ಮೇಲಿನ ಪದರ ಕೊಯ್ಯಬೇಕು, ಒಳಗಿರುವುದಕ್ಕೆ ತಗಲಬಾರದು. ಸಂದಿಯಲ್ಲಿ ಸಿಕ್ಕಿದ ಹಳದಿ ದಾರ. ಕೋಟನ್ನು ಹಾಸಿಗೆಯ ಮೇಲೆ ಹರಡಿ ತೋಳಿನ ಹೊಲಿಗೆ ತೋರಿಸಿದಳು. ಅತ್ತೆ ಅದರ ಮೇಲೆ ಬೆರಳಾಡಿಸುತ್ತ ಹೋದಳು, ಮುಂಗೈಯಿಂದ ಕಾಲರಿನವರೆಗೆ.

"ಜೀವ ಇತ್ತಾ, ಕೊಯ್ಯುವಾಗ?"

"ಇರ್ಲಿಲ್ಲ ಅನ್ಸುತ್ತೆ ಅತ್ತೆ. ಕೈ ಬಗ್ಗದೇ ಇದ್ರೇನೇ ಹೀಗೆ ಸೀಳಬೇಕಾಗೋದು." ನಾಲಿಗೆಯ ತುದಿಗೆ ಬಂದ ಖಂಡಿತ ಎಂಬ ಮಾತನ್ನು ಅವಳು ನುಂಗಿಕೊಂಡಳು. "ಖಂಡಿತವಾಗಿ ನಂಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿತ್ತೋ ಇಲ್ವೋ."

ನರ್ಸು ಹೊರಗೆ ಹೋದಳು.

"ಕೋಟಿತ್ತಾ ಅಂತ ಕೇಳಿದ್ದೆ ನಾನು" ಎಂದಳು ಅತ್ತೆ. "ಅದನ್ನ ಕೇಳಬಾರದಿತ್ತು. ಇತ್ತು ಅಂದ್ಬಿಟ್ಟ, ಆಮೇಲೆ ಅವನ ಬಾಯಿ ಕಟ್ಟಿಹೋಯ್ತು. ಕೊಯ್ದೆ ಅಕ್ಕಾ ಅಂದಾಗ ಕೇಳಬೇಕಿತ್ತು. ಏನನ್ನ ಕೊಯ್ದೆಯೋ ಅಂತ. ಅಷ್ಟೇ. ಕೈ ಹಿಡಿದು ಹೇಳೋಕೆ ಬಂದಿದ್ದ." ಅವಳ ಬೆರಳು ಹೊಲಿಗೆಯ ಮೇಲೆ ನಿಂತಿತು. "ಹೊಲಿಗೆ ನೋಡು, ಎಷ್ಟು ಸಣ್ಣಗೆ ಹಾಕಿದಾನೆ. ಇಷ್ಟು ವರ್ಷ ಎಲ್ಲಿತ್ತು ಇದು?"

"ಇಸ್ತ್ರಿ ಮೇಜಿನ ಮೇಲೆ, ಅಡಿಯ ಹಾಸಾಗಿ. ದಿನಾ ಬೆಳಿಗ್ಗೆ ಮೊದಲು ಇದಕ್ಕೆ ಬಿಸಿ ತೋರಿಸ್ತಿದ್ದ ಅಪ್ಪ. ನಾನೂ ತೋರಿಸ್ತಿದ್ದೆ, ಗೊತ್ತಿಲ್ಲದೇನೇ."

"ನೋಡ್ತಿದ್ದೆ" ಎಂದಳು ಅತ್ತೆ. "ಅಂಗಡಿ ತೆಗೆದ ಕೂಡ್ಲೇ ಒಳಕೋಣೇಲಿ ಅವನು ಖಾಲಿ ಮೇಜು ಉಜ್ಜೋದು ಈ ಕಿಟಕಿಗೆ ಕಾಣ್ತಿತ್ತು. ಹುಚ್ಚು ಹಿಡಿದಿದೆ, ಹಿಡೀಲಿ ಅಂದ್ಕೋತಿದ್ದೆ." ಅಂಗೈಯನ್ನು ಕೋಟಿನ ಎದೆಯ ಮೇಲೆ ಚಪ್ಪಟೆಯಾಗಿ ಇಟ್ಟಳು. "ತಣ್ಣಗಿದೆ. ಇವತ್ತು ಮಾಡ್ಲಿಲ್ವಾ?"

"ಬೆಳಿಗ್ಗೇನೇ ಹೊರಟುಬಿಟ್ಟೆ ಅತ್ತೆ."

"ಇಸ್ತ್ರಿಪೆಟ್ಟಿಗೆ ತಗೊಂಡು ಬಾ."

ಕತ್ತರಿ ಬೀದಿ ದಾಟಿ ಹೋಗಿ ಇಸ್ತ್ರಿಪೆಟ್ಟಿಗೆಯನ್ನೂ ಬಿಳಿ ಬಟ್ಟೆಯನ್ನೂ ತಂದಳು. ಬಟ್ಟೆಯನ್ನು ಒದ್ದೆ ಮಾಡಿ ಕೋಟಿನ ಮೇಲೆ ಹಾಸಿದಳು. ಪೆಟ್ಟಿಗೆ ಕಾದ ಮೇಲೆ ಬಲತೋಳಿನಿಂದ ಶುರು ಮಾಡಿದಳು, ಆಮೇಲೆ ಎಡತೋಳು, ಎದೆ, ಉಬ್ಬಿದ ಭುಜ. ಆವಿ ಎದ್ದಿತು. ಅದರ ಜೊತೆ ಆ ವಾಸನೆಯೂ ಎದ್ದು ಕೋಣೆ ತುಂಬಿಕೊಂಡಿತು. ಈ ಸಲ ಅವಳು ಬಾಗಿಲ ಕಡೆ ತಿರುಗಿ ನೋಡಲಿಲ್ಲ. ಅತ್ತೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ಅಷ್ಟು ವರ್ಷಗಳ ಮೇಲೆ ಮೊದಲ ಬಾರಿಗೆ ಅವಳನ್ನು ಹೆತ್ತವರಿಟ್ಟ ಹೆಸರು ಹಿಡಿದು ಕರೆದಳು.

"ಕಾಲರ್ ಹತ್ರ ಇನ್ನೊಂದ್ಸಲ ಆಡಿಸು" ಎಂದಳು. "ಅವರಿಗೆ ಯಾವಾಗ್ಲೂ ಕತ್ತಿಗೇ ಚಳಿ."

ಅವಳು ಪೆಟ್ಟಿಗೆಯನ್ನು ಕಾಲರಿನ ಮೇಲಿಟ್ಟು, ನಿಧಾನವಾಗಿ ಒತ್ತಿ ಹಿಡಿದಳು.